ನಿಮಗಿದು ಗೊತ್ತೆ? ಚೀಲ ಏಳುವ ಮುನ್ನ ಹೊಟ್ಟೆ ಬಿಗಿಯಬೇಕು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಗೋವಿನಜೋಳದ ಚೀಲ ಹೊರುವವರನ್ನೂ ಗರಡಿಮನೆಯಲ್ಲಿ ಸಾಮು ಮಾಡುವವರನ್ನೂ ಪೆಟ್ಟಿನಿಂದ ಕಾಯುವುದು ತೋಳಿನ ಗಾತ್ರಕ್ಕಿಂತ ಹೆಚ್ಚಾಗಿ ನಡುವಿನ ಬಲ, ಅಂದರೆ ಹೊಟ್ಟೆ, ಪಕ್ಕೆ, ಬೆನ್ನು ಹಾಗೂ ಪೃಷ್ಠದ ಸ್ನಾಯುಗಳು ಒಟ್ಟಾಗಿ ಬೆನ್ನುಮೂಳೆಗೆ ಕೊಡುವ ಆಸರೆ. ಆರೋಗ್ಯವಂತರು ಕೈ ಎತ್ತುವ ಮುನ್ನವೇ ಹೊಟ್ಟೆಯ ಒಳಪದರದ ಅಡ್ಡಸ್ನಾಯು ಬಿಗಿಯುತ್ತದೆಂದೂ, ಸೊಂಟನೋವು ಇದ್ದವರಲ್ಲಿ ಅದು ತಡವಾಗುತ್ತದೆಂದೂ ಆಸ್ಟ್ರೇಲಿಯಾದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ 1996ರಲ್ಲಿ ತೋರಿಸಿದರು. ದಂಡ, ಬಸ್ಕಿಗಳಲ್ಲಿ ಎಣಿಕೆಗಿಂತ ಕ್ರಮವೇ ಮುಖ್ಯವಾಗಿದ್ದು, ಬೆನ್ನನ್ನು ಮರೆತು ಹೊಟ್ಟೆಯನ್ನಷ್ಟೇ ಹುರಿಗೊಳಿಸಿದವರ ಸಿಕ್ಸ್ ಪ್ಯಾಕ್ ಕನ್ನಡಿಗೆ ಮಾತ್ರ ಒಪ್ಪೀತು. ಚೀಲ ಎತ್ತುವವರು ಪಾದ ಅಗಲಿಸಿ, ಮೊಣಕಾಲು ಮಡಚಿ, ಹೊಟ್ಟೆ ಬಿಗಿಹಿಡಿದು, ಭಾರವನ್ನು ಮೈಗೆ ಒತ್ತಿಕೊಂಡು ಏಳಬೇಕು. ತಿರುಗುವುದಾದರೆ ನಡು ತಿರುಚದೆ ಪಾದಗಳನ್ನೇ ತಿರುಗಿಸಬೇಕು.