ಗಿಣಿಮೂಗಿನ ಕುರಿ, ಕತ್ತಲಲ್ಲಿ ಕಂಡ ತವರು

ಮಾಡಗ್ಯಾಳ ಕುರಿಯನ್ನು ಎಂದೂ ನೋಡದವರಿಗೆ ಅದರ ಚಹರೆ ಹೇಳುವುದು ಹೇಗೆ? ‘ಎತ್ತರದ ಕುರಿ, ಬಿಳಿ ಮೈ, ಅಲ್ಲಲ್ಲಿ ಕಂದು ಮಚ್ಚೆ’ ಎಂದರೆ ವಿವರ ಸಿಕ್ಕಿತು, ಕುರಿ ಕಾಣಲಿಲ್ಲ. ‘ಗಿಣಿಯ ಕೊಕ್ಕಿನ ಹಾಗೆ ಬಾಗಿದ ಮೂಗು’ ಎಂದು ನೋಡಿ, ಕುರಿ ತಟ್ಟನೆ ಎದುರಿಗೆ ಬಂದು ನಿಲ್ಲುತ್ತದೆ. ಕೇಳುವವರಿಗೆ ಈ ಕುರಿ ಗೊತ್ತಿಲ್ಲ, ಗಿಣಿ ಗೊತ್ತು. ಗೊತ್ತಿದ್ದ ಗಿಣಿಯಿಂದ ಕೊಕ್ಕಿನ ಬಾಗು ಮಾತ್ರ ಕುರಿಯ ಮುಖಕ್ಕೆ ಬಂತು. ಹಸಿರು ಬಣ್ಣ ಬರಲಿಲ್ಲ, ರೆಕ್ಕೆ ಬರಲಿಲ್ಲ. ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ಕೇಳಿದವರ ಮನಸ್ಸೇ ಆರಿಸಿಕೊಂಡಿತು. ಬರವಣಿಗೆಯಲ್ಲಿ ಚಿತ್ರ ಮೂಡುವ ಬಗೆ ಇದು. ಅರ್ಧ ಕೆಲಸ ಬರೆಯುವವರದು, ಉಳಿದರ್ಧ ಓದುವವರದು.

ಮಾಡಗ್ಯಾಳ ಇರುವುದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ. ಅಸಂಗಿಯೂ ಅದೇ ತಾಲ್ಲೂಕಿನ ಊರು. ಇಲ್ಲಿಯ ಅನೇಕ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ನೆಲ ಮಳೆನೆರಳಿನದು, ಜೋಳ, ಸಜ್ಜೆ, ಕುರಿ, ನೀರು ಸಿಕ್ಕಲ್ಲಿ ದಾಳಿಂಬೆ, ದ್ರಾಕ್ಷಿ. ಇಂಥ ಊರಿನಲ್ಲಿ ಕನ್ನಡ ಓದುವ ಹುಡುಗಿಯೊಬ್ಬಳ ಮುಂದೆ ‘ಮಳೆ’ ಎಂಬ ಪದವಿಡಿ. ತೀರ್ಥಹಳ್ಳಿಯ ಮಗುವಿಗೆ ಅದು ದಿನಗಟ್ಟಲೆ ಬಿಡದೆ ಹೊಯ್ಯುವ ನೀರು, ಒಣಗದ ಬಟ್ಟೆ, ಜಾರುವ ಅಂಗಳ. ಅಸಂಗಿಯ ಮಗುವಿಗೆ ಮುಗಿಲ ಕಡೆ ನೋಡುತ್ತ ನಿಂತ ಅಪ್ಪ. ಅಕ್ಷರ ಎರಡೇ, ಚಿತ್ರ ಬೇರೆ ಬೇರೆ.

ಹಾಗಿದ್ದರೆ ಬಯಲುಸೀಮೆಯವರು ಮಲೆನಾಡಿನ ಕಾದಂಬರಿ ಓದಿ ಕಾಡಿನೊಳಗೆ ಹೊಕ್ಕು ಬರುವುದು ಹೇಗೆ? ಕುವೆಂಪು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಇದಕ್ಕೆ ಒಳ್ಳೆಯ ಉತ್ತರ. ಆ ಕಾದಂಬರಿ ಕಾಡನ್ನು ದೂರದಿಂದ ಹೊಗಳುತ್ತ ಕೂರುವುದಿಲ್ಲ. ನಾಯಿಗುತ್ತಿ ಎಂಬ ಆಳು, ಅವನ ಜೊತೆಗೆ ಹುಲಿಯ ಎಂಬ ನಾಯಿ, ಇಬ್ಬರ ಹಿಂದೆ ಓದುಗ. ಕಾಡು ಗೊತ್ತಿಲ್ಲದವನಿಗೂ ನಾಯಿ ಗೊತ್ತು, ನಡೆದು ಸೋತ ಕಾಲು ಗೊತ್ತು. ಆ ಕಾಲನ್ನು ಹಿಡಿದುಕೊಂಡೇ ಕಾಡು ಮೆಲ್ಲಗೆ ಮೈಗೆ ಹತ್ತುತ್ತದೆ.

ಗೊತ್ತಿದ್ದುದರಿಂದ ಗೊತ್ತಿಲ್ಲದ್ದನ್ನು ಕಾಣಿಸುವ ಈ ಬಗೆಯನ್ನು ಕನ್ನಡದವರು ಬಹಳ ಹಿಂದೆಯೇ ಶಾಸ್ತ್ರವಾಗಿ ಯೋಚಿಸಿದ್ದಾರೆ. ನಮಗೆ ಸಿಕ್ಕ ಮೊದಲ ಕನ್ನಡ ಗ್ರಂಥ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’, ಕಥೆಯಲ್ಲ, ಕಾವ್ಯವೂ ಅಲ್ಲ. ಬರೆಯುವ ಬಗೆ ಹೇಳುವ ಪುಸ್ತಕ. ದಂಡಿಯ ಸಂಸ್ಕೃತ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿದ ಈ ಗ್ರಂಥದ ಮೂರನೆಯ ಪರಿಚ್ಛೇದ ಉಪಮೆ, ರೂಪಕ ಮೊದಲಾದ ಅರ್ಥಾಲಂಕಾರಗಳಿಗೇ ಮೀಸಲು. ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ್ದು ಕನ್ನಡನಾಡು ಎಂದು ಸಾರಿದ್ದೂ ಇದೇ ಪುಸ್ತಕ. ಆ ಲೆಕ್ಕದಲ್ಲಿ ಅಸಂಗಿ ಗಡಿಯ ಊರಲ್ಲ, ಒಳನಾಡು.

ಉಪಮೆಯಲ್ಲಿ ಎರಡು ಚಿತ್ರ ಅಕ್ಕಪಕ್ಕ ನಿಲ್ಲುತ್ತವೆ, ನಡುವೆ ‘ಹಾಗೆ’, ‘ಅಂತೆ’ ಎಂಬ ಸಣ್ಣ ಸೇತುವೆ. ರೂಪಕದಲ್ಲಿ ಸೇತುವೆ ಇಲ್ಲ, ಎರಡೂ ಒಂದೇ ಆಗಿಬಿಡುತ್ತವೆ. ಓದುಗರು ಲಕ್ಷ್ಮೀಶನನ್ನು ‘ಉಪಮಾಲೋಲ’ ಎಂದೂ ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದೂ ಕರೆದರು. ಒಬ್ಬ ಕವಿಗೆ ಅವನು ಕಟ್ಟಿದ ಕಥೆಗಿಂತ ಕಾಣಿಸಿದ ಚಿತ್ರಗಳಿಂದಲೇ ಬಿರುದು ಬಂತೆಂದರೆ, ಕೇಳಿದ ಜನರಿಗೆ ಅವು ಎಷ್ಟು ಆಳಕ್ಕೆ ಇಳಿದಿರಬೇಕು.

ಜತ್ತಕ್ಕೆ ಹೊಂದಿಕೊಂಡ ಮಂಗಳವೇಢೆ ಬಿಜ್ಜಳನ ಊರು. ಬಸವಣ್ಣನವರು ಅಲ್ಲಿ ಅವನ ಓಲಗದಲ್ಲಿದ್ದರು. ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸ ಎಂಬ ಅವರ ರೂಪಕವನ್ನು ಅರಿಯದ ಕನ್ನಡಿಗರು ಕಡಿಮೆ. ಅದರ ಕಸುವು ಎಲ್ಲಿದೆ? ಗುಡಿ ಕಟ್ಟಿಸಲು ಹಣವಿಲ್ಲದವನಿಗೆ ‘ನಿನ್ನ ಭಕ್ತಿಯೇನೂ ಕಡಿಮೆಯಲ್ಲ’ ಎಂದಿದ್ದರೆ ಅದು ಸಮಾಧಾನದ ಮಾತಾಗುತ್ತಿತ್ತು. ಈ ರೂಪಕ ಕೇಳಿದವನು ತನ್ನ ಕಾಲನ್ನೇ ಬಗ್ಗಿ ನೋಡುತ್ತಾನೆ. ಗುಡಿಗೆ ಬೇಕಾದ ಸಾಮಾನೆಲ್ಲ ತನ್ನ ಮೈಮೇಲೇ ಇದೆ! ಚಿತ್ರ ಇಲ್ಲಿ ಮಾತಿಗೆ ತೊಡಿಸಿದ ಒಡವೆಯಲ್ಲ, ಅದೇ ವಾದ, ಅದೇ ತೀರ್ಪು.

ಎಲ್ಲರ ಒಳಗಣ್ಣೂ ಒಂದೇ ಸಮ ಕಾಣುವುದಿಲ್ಲ ಎಂಬುದೂ ಗೊತ್ತಿರಲಿ. 1880ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್, ಬೆಳಿಗ್ಗೆ ನಾಷ್ಟಾ ಮಾಡಿದ ಮೇಜನ್ನು ನೆನೆಸಿಕೊಳ್ಳಿ, ಏನು ಕಾಣುತ್ತದೆ ಎಂದು ಹಲವರನ್ನು ಕೇಳಿದ. ಕೆಲವರಿಗೆ ತಟ್ಟೆ, ಬಣ್ಣ, ಬೆಳಕು ಎಲ್ಲವೂ ಕಂಡಿತು. ಕೆಲವರಿಗೆ ಏನೂ ಕಾಣಲಿಲ್ಲ. ಹೀಗೆ ಮನಸ್ಸಿನಲ್ಲಿ ಚಿತ್ರವೇ ಮೂಡದ ಸ್ಥಿತಿಗೆ 2015ರಲ್ಲಿ ಆ್ಯಡಂ ಝೀಮನ್ ಮತ್ತು ಸಂಗಡಿಗರು ‘ಅಫ್ಯಾಂಟೇಸಿಯಾ’ ಎಂದು ಹೆಸರಿಟ್ಟರು. ಅಂಥವರೂ ಕಥೆ ಓದುತ್ತಾರೆ, ಮರುಗುತ್ತಾರೆ. ಏಕೆಂದರೆ ಚಿತ್ರವೆಂದರೆ ಕಣ್ಣಿಗೆ ಕಾಣುವುದಷ್ಟೇ ಅಲ್ಲ. ದಾಲ್ಚಿನ್ನಿಯಂಥ ಗಂಧದ ಪದ ಓದಿದರೆ ಮಿದುಳಿನಲ್ಲಿ ವಾಸನೆ ಹಿಡಿಯುವ ಭಾಗವೂ ಎಚ್ಚರಗೊಳ್ಳುತ್ತದೆಂದು 2006ರಲ್ಲಿ ಸ್ಪೇನಿನ ಸಂಶೋಧಕರು ತೋರಿಸಿದರು. ಒಗ್ಗರಣೆ ಎಂಬ ಪದಕ್ಕೆ ಬಾಯಲ್ಲಿ ನೀರೂರಿದವರಿಗೆ ಇದು ಹೊಸ ಸುದ್ದಿಯೇನಲ್ಲ.

ಹೆಚ್ಚು ಹೇಳಿದರೆ ಹೆಚ್ಚು ಕಾಣುತ್ತದೆ ಎಂಬುದು ಹೊಸದಾಗಿ ಬರೆಯುವವರು ಬೀಳುವ ಗುಂಡಿ. ರಷ್ಯಾದ ಕಥೆಗಾರ ಚೆಕಾಫ್ 1886ರಲ್ಲಿ ಅಣ್ಣನಿಗೆ ಕಾಗದ ಬರೆದು ಬುದ್ಧಿ ಹೇಳಿದ: ಬೆಳುದಿಂಗಳನ್ನು ಬಣ್ಣಿಸಬೇಡ, ಗಿರಣಿಯ ಒಡ್ಡಿನ ಮೇಲೆ ಒಡೆದ ಶೀಸೆಯ ಚೂರು ಮಿನುಗಿತು ಎಂದರೆ ಸಾಕು, ಬೆಳುದಿಂಗಳು ತಾನಾಗಿ ಬರುತ್ತದೆ. ಚಂದ್ರಮುಖ, ತಾವರೆಗಣ್ಣುಗಳ ಗತಿ ಇದಕ್ಕೆ ತಿರುಗುಮುರುಗು. ಒಂದಾನೊಂದು ಕಾಲಕ್ಕೆ ಅವೂ ಹೊಳೆದಿದ್ದವು. ಈಗ ಓದುಗನ ಕಣ್ಣು ಅವುಗಳ ಮೇಲೆ ನಿಲ್ಲದೆ ಜಾರುತ್ತದೆ, ಕೈಯಿಂದ ಕೈಗೆ ಹೋಗಿ ಮುದ್ರೆ ಅಳಿಸಿದ ನಾಣ್ಯದ ಮೇಲೆ ಜಾರಿದ ಹಾಗೆ.

ಅಸಂಗಿಯ ಸೀಮೆಗೆ ತೀರ ಹತ್ತಿರದ ಉದಾಹರಣೆ ಹಲಸಂಗಿಯದು. ಈಗಿನ ವಿಜಯಪುರ ಜಿಲ್ಲೆಯ ಈ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಕೂಡಿ ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡರು. ಹಲಸಂಗಿ ಗೆಳೆಯರೆಂದೇ ಹೆಸರಾದ ಇವರಿಂದ 1931ರಲ್ಲಿ ‘ಗರತಿಯ ಹಾಡು’ ಬಂತು. ಮುದ್ರಣದ ಹೊರಗೆ, ಬೀಸುಕಲ್ಲಿನ ಮುಂದೆ ಬೆಳೆದಿದ್ದ ಕಾವ್ಯ ಹೀಗೆ ಪುಸ್ತಕವಾಯಿತು.

ಆ ಹಾಡು ಹುಟ್ಟುವ ಹೊತ್ತನ್ನು ನೆನೆಯಬೇಕು. ಬೆಳಗಿನ ಜಾವ, ಕತ್ತಲೆ. ಕೈ ಬೀಸುಕಲ್ಲಿನ ಗೂಟದ ಮೇಲೆ, ಮಗ್ಗುಲಲ್ಲಿ ಜೋಳ. ಕಣ್ಣಿಗೆ ಕೆಲಸವಿಲ್ಲ, ಕಾಣುವುದೂ ಕಡಿಮೆ. ಹಾಡುವವಳು ಆ ಕತ್ತಲೊಳಗೆ ತವರನ್ನು ತರುತ್ತಾಳೆ. ತ್ರಿಪದಿಗೆ ಮೂರೇ ಸಾಲು. ಬಣ್ಣಿಸುತ್ತ ಕೂರಲು ಜಾಗವಿಲ್ಲ. ಒಂದು ಬಳ್ಳಿಯೋ ಹಕ್ಕಿಯೋ ಬಂದು, ಮೂರನೆಯ ಸಾಲಿನ ಹೊತ್ತಿಗೆ ಅದು ತಾಯಿಯೋ ಅಣ್ಣನೋ ಆಗಿರುತ್ತದೆ. ಮನೆಯ ಉದ್ದಗಲ, ಗೋಡೆಯ ಬಣ್ಣ ಯಾವುದೂ ಬೇಕಿಲ್ಲ. ಕೇಳುವ ಪ್ರತಿ ಹೆಣ್ಣಿಗೂ ತನ್ನದೇ ತವರು ಕಾಣುತ್ತದೆ. ಹಿಟ್ಟಿನ ಗಿರಣಿ ಬಂದಮೇಲೆ ಬೀಸುಕಲ್ಲು ಮೂಲೆ ಸೇರಿತು. ತವರೆಂಬ ಚಿತ್ರ ಮಾತ್ರ ಮಾಸಲಿಲ್ಲ.

ಮಾಸದ ಚಿತ್ರಕ್ಕೆ ಇನ್ನೊಂದು ಅಪಾಯವುಂಟು. ಗಡಿ ಕನ್ನಡಿಗರ ವಿಷಯ ಬಂದಾಗಲೆಲ್ಲ ಕರ್ನಾಟಕವನ್ನು ತವರು, ಅವರನ್ನು ತವರಿನಿಂದ ದೂರವಾದ ಮಗಳು ಎನ್ನುವುದು ಭಾಷಣಕ್ಕೂ ಪತ್ರಿಕೆಗೂ ರೂಢಿಯಾಗಿದೆ. ಜತ್ತ ತಾಲ್ಲೂಕಿನ ಸುಮಾರು ನಲವತ್ತು ಹಳ್ಳಿಗಳು 2012ರ ಸುಮಾರಿಗೆ ಕರ್ನಾಟಕ ಸೇರುವ ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆ ಠರಾವನ್ನು ಎತ್ತಿ ಹೇಳಿದಾಗ ಎರಡೂ ರಾಜ್ಯಗಳಲ್ಲಿ ಗದ್ದಲವೆದ್ದಿತು. ಠರಾವಿನ ಬೇರಿದ್ದದ್ದು ನೀರಿನ ಬರದಲ್ಲಿ. ಅಳುವ ಮಗಳ ಚಿತ್ರ ಓದುಗನ ಕಣ್ಣು ತುಂಬಿಸುತ್ತದೆ ನಿಜ. ಜೊತೆಗೆ ನೀರು ಕೇಳಿದ ರೈತನನ್ನು ಮರೆಮಾಡಿಬಿಡುತ್ತದೆ. ಪ್ರೀತಿಯಿಂದ ಆರಿಸಿದ ರೂಪಕವೂ ಹೀಗೆ ಎದುರಿಗಿದ್ದ ಮನುಷ್ಯನನ್ನು ಕಾಣದಂತೆ ಮಾಡಬಲ್ಲದು.

ಆ ಸುದ್ದಿಯನ್ನೇ ಇನ್ನೊಬ್ಬ ಬರೆಯುವವನು ಬೇರೆ ಕಡೆಯಿಂದ ಹಿಡಿಯಬಹುದಿತ್ತು. ಬಿರುಬೇಸಿಗೆ, ಟ್ಯಾಂಕರ್ ಬರುವ ಹಾದಿ, ಪಾಳಿ ಹಚ್ಚಿದ ಕೊಡಗಳ ಸಾಲು. ಆ ಸಾಲಿನ ನಡುವೆ ಒಂದು ಕಡೆ ಕೊಡವಿಲ್ಲ. ಜಾಗ ಹಿಡಿಯಲು ಯಾರೋ ಇಟ್ಟು ಹೋದ ಒಂದು ಕಲ್ಲು.