ಹೊತ್ತು ತಪ್ಪದೆ ಬರುವ ತಲೆನೋವು

ಕ್ಲಸ್ಟರ್ ತಲೆನೋವಿನ ಗುರುತುಗಳು ಸ್ಪಷ್ಟವಾಗಿವೆ. ನೋವು ಒಂದೇ ಪಕ್ಕದಲ್ಲಿ, ಕಣ್ಣಿನ ಹಿಂದೆಯೋ ಹುಬ್ಬಿನ ಮೇಲೆಯೋ ಕಣತಲೆಯಲ್ಲೋ ಏಳುತ್ತದೆ. ಕೆಲವೇ ನಿಮಿಷಗಳಲ್ಲಿ ತಡೆಯಲಾಗದಷ್ಟು ಏರಿ, 15 ನಿಮಿಷದಿಂದ 3 ಗಂಟೆಯವರೆಗೆ ಇದ್ದು ಇಳಿಯುತ್ತದೆ. ಅದೇ ಪಕ್ಕದ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಮೂಗು ಕಟ್ಟುತ್ತದೆ, ರೆಪ್ಪೆ ಜೋಲುತ್ತದೆ. ಎರಡು ದಿನಕ್ಕೊಮ್ಮೆ ಬರಬಹುದು, ದಿನಕ್ಕೆ ಎಂಟು ಸಲವೂ ಬರಬಹುದು. ಹೀಗೆ ಕೆಲವು ವಾರ ಕಾಡಿ, ತಿಂಗಳುಗಟ್ಟಲೆ ಅಥವಾ ವರ್ಷಗಟ್ಟಲೆ ಕಾಣೆಯಾಗುತ್ತದೆ. ಅಷ್ಟು ಬಿಡುವೂ ಸಿಗದ ಕೆಲವರಿದ್ದಾರೆ. ಸಾವಿರಕ್ಕೆ ಸುಮಾರು ಒಬ್ಬರಿಗೆ ಬರುವ ಈ ನೋವು ಗಂಡಸರಲ್ಲಿ ಹೆಚ್ಚು, ಹೆಂಗಸರನ್ನೂ ಬಿಟ್ಟಿಲ್ಲ.

ಇಷ್ಟಾದರೂ ಸರಿಯಾದ ಹೆಸರು ಸಿಗಲು ವರ್ಷಗಳು ಹಿಡಿಯುತ್ತವೆ. ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು ಪಾಲ್ಗೊಂಡು, 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 64 ವಯಸ್ಕರಿಗೆ ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದಿತ್ತು. ನೂರಕ್ಕೆ 25 ಮಂದಿಗೆ ಮೈಗ್ರೇನ್ ಇತ್ತು. ಇಂಥ ದೊಡ್ಡ ಗುಂಪಿನಲ್ಲಿ ಸಾವಿರಕ್ಕೊಬ್ಬರು ಕಳೆದುಹೋಗುವುದು ಸುಲಭ. ಒಂದು ಪರೀಕ್ಷೆಯನ್ನು ಮನೆಯವರೇ ಮಾಡಬಹುದು. ಮೈಗ್ರೇನ್ ಬಂದವರು ಕತ್ತಲಲ್ಲಿ ಅಲುಗಾಡದೆ ಮಲಗುತ್ತಾರೆ. ಕ್ಲಸ್ಟರ್ ಬಂದವರು ಮಲಗಲಾರರು. ಎದ್ದು ಓಡಾಡುತ್ತಾರೆ, ತಲೆಯನ್ನು ಒತ್ತಿ ಹಿಡಿಯುತ್ತಾರೆ, ಗೋಡೆಗೆ ಚಚ್ಚಿಕೊಳ್ಳುವವರೂ ಉಂಟು. ಮುಂಬಯಿಯ ಸಾಂತಾಕ್ರೂಜ್ ಪೂರ್ವದ ವಾಕೋಲದಂಥ ಕಡೆ, ಐದಾರು ಮಂದಿ ಮಲಗುವ ಒಂದೇ ಖೋಲಿಯಲ್ಲಿ, ನಡುರಾತ್ರಿ ಎದ್ದು ಚಾಳಿನ ಗ್ಯಾಲರಿಯಲ್ಲಿ ಶತಪಥ ಹಾಕುವವರನ್ನು ‘ಸುಮ್ಮನೆ ಮಲಗು’ ಎಂದು ಗದರಬೇಡಿ. ಆ ಓಡಾಟವೇ ರೋಗದ ಗುರುತು. ವೈದ್ಯರಿಗೆ ಮೊದಲು ಹೇಳಬೇಕಾದ ಮಾತೂ ಅದೇ.

ಸೈನಸ್ ಅಲ್ಲ, ಹಲ್ಲೂ ಅಲ್ಲ

ಜನ ಹೆಚ್ಚು ಎಡವುವುದು ಇಲ್ಲಿ. ಮೂಗು ಕಟ್ಟಿದೆ, ಹಾಗಾಗಿ ಸೈನಸ್. ದವಡೆಗೂ ನೋವು ಇಳಿದಿದೆ, ಹಾಗಾಗಿ ಹಲ್ಲು. ಸೈನಸ್ ಆಪರೇಷನ್ ಮಾಡಿಸಿಕೊಂಡವರು, ಗಟ್ಟಿ ಹಲ್ಲುಗಳನ್ನು ಕೀಳಿಸಿಕೊಂಡವರು ಹಲವು ದೇಶಗಳಲ್ಲಿ ಇದ್ದಾರೆ.

ಈರುಳ್ಳಿ ಹೆಚ್ಚುವಾಗ ಏನಾಗುತ್ತದೆ ನೋಡಿ. ಅದರ ಘಾಟು ಕಣ್ಣಿಗೆ ತಾಗಿದ ಸುದ್ದಿಯನ್ನು ಟ್ರೈಜೆಮಿನಲ್ ಎಂಬ ನರ ಮಿದುಳಿನ ಕಾಂಡಕ್ಕೆ ಒಯ್ಯುತ್ತದೆ. ಮುಖ, ಕಣ್ಣು, ಹಲ್ಲು, ಮೂಗಿನ ಒಳಪದರ ಎಲ್ಲದರ ನೋವನ್ನೂ ಒಯ್ಯುವುದು ಈ ನರವೇ. ಕಾಂಡದಿಂದ ಮರುಆಜ್ಞೆ ಮುಖದ ಇನ್ನೊಂದು ನರದ ಮೂಲಕ, ಮೂಗಿನ ಹಿಂದಿರುವ ಒಂದು ಪುಟ್ಟ ನರಗಂಟನ್ನು ಹಾಯ್ದು ಬರುತ್ತದೆ: ಕಣ್ಣೀರು ಸುರಿಸು, ಮೂಗಿನ ಪದರವನ್ನು ಉಬ್ಬಿಸು. ಕಣ್ಣನ್ನು ಕಾಯಲೆಂದು ದೇಹ ಇಟ್ಟುಕೊಂಡಿರುವ ಸೊಗಸಾದ ಏರ್ಪಾಡು ಇದು! ಕ್ಲಸ್ಟರ್ ತಲೆನೋವಿನಲ್ಲಿ ಈ ಏರ್ಪಾಡೇ ಘಾಟಿಲ್ಲದೆ, ಧೂಳಿಲ್ಲದೆ, ಪೂರ್ತಿ ಬಲದಲ್ಲಿ ಚಾಲೂ ಆಗುತ್ತದೆ. ಅಂದರೆ ಮೂಗು ಕಟ್ಟಿದ್ದರಿಂದ ನೋವು ಬಂದದ್ದಲ್ಲ; ನೋವಿನ ನರ ಕೆರಳಿದ್ದರಿಂದ ಮೂಗು ಕಟ್ಟಿತು.

ಮಳೆಯ ತಪ್ಪೇ?

ಹಾಗಾದರೆ ಚಾಲೂ ಮಾಡುವವರು ಯಾರು? 1998ರಲ್ಲಿ ಲಂಡನ್ನಿನಲ್ಲಿ ಆರ್ನೆ ಮೇ ಮತ್ತು ಸಂಗಡಿಗರು ನೋವು ಬಂದಿರುವಾಗಲೇ ರೋಗಿಗಳ ಮಿದುಳಿನ ಚಿತ್ರ ತೆಗೆದರು. ಆಗ ಮಿದುಳಿನ ಹೈಪೊಥಲಮಸ್ ಎಂಬ ಭಾಗದ ಹಿಂಬದಿ ಚುರುಕಾಗಿತ್ತು. ನಿದ್ದೆ ಎಚ್ಚರಗಳ ಹೊತ್ತನ್ನು ನಡೆಸುವ ಗಡಿಯಾರವೂ ಹೈಪೊಥಲಮಸ್ಸಿನಲ್ಲೇ ಇದೆ. ಹಲವರಿಗೆ ಮಲಗಿದ ಒಂದೆರಡು ಗಂಟೆಗೆ, ದಿನವೂ ಅದೇ ಹೊತ್ತಿಗೆ ನೋವು ಎಬ್ಬಿಸುವುದೇಕೆ, ವರ್ಷವರ್ಷವೂ ಅದೇ ತಿಂಗಳಲ್ಲಿ ಮರಳುವುದೇಕೆ ಎಂಬುದಕ್ಕೆ ಇದು ದೊಡ್ಡ ಸುಳಿವು.

ಸಾಂತಾಕ್ರೂಜಿನಲ್ಲಿ ಹವೆಯನ್ನು ದೂರುವುದು ಸಹಜ. ಅಲ್ಲಿನ ಹವಾಮಾನ ಕೇಂದ್ರ 2005ರ ಜುಲೈ 26ರಂದು ಒಂದೇ ದಿನ 944 ಮಿ.ಮೀ. ಮಳೆಯನ್ನು ಅಳೆದಿತ್ತು! ಆದರೆ ಈ ಮಿದುಳಿನ ಗಡಿಯಾರ ಲೆಕ್ಕ ಇಡುವುದು ಮುಖ್ಯವಾಗಿ ಬೆಳಕನ್ನು, ಮಳೆಯನ್ನಲ್ಲ. ಮಳೆಗಾಲದಲ್ಲಿ ಬಂತೆಂದ ಮಾತ್ರಕ್ಕೆ ಶೀತದ ಔಷಧಿಗೆ ಈ ನೋವು ಬಗ್ಗುವುದಿಲ್ಲ.

ಸರಿಯಾಗಿ ಕೊಟ್ಟ ಆಮ್ಲಜನಕ

ಪ್ಯಾರಾಸಿಟಮಾಲ್ ನುಂಗಿದೆ, ಮುಕ್ಕಾಲು ಗಂಟೆಯಲ್ಲಿ ನೋವು ಹೋಯಿತು ಎನ್ನುವವರು ಬಹಳ. ಮಾತ್ರೆ ಕರಗಿ ರಕ್ತ ಸೇರುವ ಹೊತ್ತಿಗೆ ನೋವು ತಾನಾಗಿಯೇ ಇಳಿದಿರುತ್ತದೆ. ಕೀರ್ತಿ ಮಾತ್ರೆಗೆ, ಹಿಂಸೆ ನಮಗೆ. ನಿಮಿಷಗಳಲ್ಲಿ ಏರುವ ನೋವಿಗೆ ನಿಮಿಷಗಳಲ್ಲೇ ತಲುಪುವ ಉಪಾಯ ಬೇಕು. ಅಂಥವು ಮುಖ್ಯವಾಗಿ ಎರಡಿವೆ: ಚರ್ಮದಡಿ ಕೊಡುವ 6 ಮಿ.ಗ್ರಾಂ ಸುಮಟ್ರಿಪ್ಟಾನ್ ಚುಚ್ಚುಮದ್ದು ಮತ್ತು ಶುದ್ಧ ಆಮ್ಲಜನಕ. ಚುಚ್ಚುಮದ್ದು ಹೃದ್ರೋಗಿಗಳಿಗೆ ಸಲ್ಲದು.

ಆಮ್ಲಜನಕದ ಬಗ್ಗೆ 2009ರಲ್ಲಿ ಪ್ರಕಟವಾದ ಲಂಡನ್ ಪ್ರಯೋಗವೊಂದರಲ್ಲಿ ನಿಮಿಷಕ್ಕೆ 12 ಲೀಟರಿನಂತೆ 15 ನಿಮಿಷ ಆಮ್ಲಜನಕ ಕೊಟ್ಟಾಗ ನೂರಕ್ಕೆ 78 ಸಲ ನೋವು ಹೋಗಿತ್ತು ಅಥವಾ ಸಾಕಷ್ಟು ತಗ್ಗಿತ್ತು. ಬರಿಯ ಗಾಳಿ ಕೊಟ್ಟಾಗ ನೂರಕ್ಕೆ 20 ಸಲ ಮಾತ್ರ. ಇಷ್ಟು ಒಳ್ಳೆಯ ಉಪಾಯವೂ ನಮ್ಮಲ್ಲಿ ‘ಉಪಯೋಗವಾಗಲಿಲ್ಲ’ ಎನ್ನಿಸಿಕೊಳ್ಳುತ್ತದೆ. ಕಾರಣ, ಕೊಡುವ ರೀತಿ.

ಬೆರಳಿಗೆ ಆಕ್ಸಿಮೀಟರ್ ಹಾಕಿ, 98 ಇದೆ, ಆಕ್ಸಿಜನ್ ಬೇಡ ಎನ್ನುವುದು ಮೊದಲ ತಪ್ಪು. ಇಲ್ಲಿ ಆಮ್ಲಜನಕ ಕೊರತೆ ತುಂಬಲು ಅಲ್ಲ, ಔಷಧಿಯಾಗಿ. ಮೂಗಿನ ಕೊಳವೆಯಲ್ಲಿ ನಿಮಿಷಕ್ಕೆ ಎರಡು ಲೀಟರ್ ಬಿಡುವುದು ಎರಡನೆಯ ತಪ್ಪು. ಬೇಕಾದದ್ದು 12ರಿಂದ 15 ಲೀಟರ್, ಅದೂ ಚೀಲವಿರುವ, ಬಿಟ್ಟ ಉಸಿರನ್ನು ಮರಳಿ ಎಳೆಯಗೊಡದ ಮಾಸ್ಕಿನಲ್ಲಿ. ಅಂಗಡಿಯಲ್ಲಿ ಎನ್‌ಆರ್‌ಬಿಎಂ ಎಂದು ಕೇಳಿ. ಕೋವಿಡ್ ಕಾಲದಲ್ಲಿ ಕೊಂಡ ಕಾನ್ಸೆಂಟ್ರೇಟರನ್ನು ನೆಚ್ಚುವುದು ಮೂರನೆಯದು. ಅವು ಹೆಚ್ಚಾಗಿ ನಿಮಿಷಕ್ಕೆ 5 ಅಥವಾ 10 ಲೀಟರಿನವು; ಇಲ್ಲಿ ಸಾಲವು, ಸಿಲಿಂಡರೇ ಬೇಕು. ನೋವು ಏರುವವರೆಗೆ ಕಾಯುವುದು ನಾಲ್ಕನೆಯದು. ಕಣ್ಣಿನ ಹಿಂದೆ ಮೊದಲ ಸೆಳೆತ ಕಂಡಾಗಲೇ ನೆಟ್ಟಗೆ ಕುಳಿತು ಮಾಸ್ಕ್ ಹಾಕಿ, 15 ನಿಮಿಷ ಬಿಡದೆ ಉಸಿರಾಡಬೇಕು.

ಒಂದು ಲೆಕ್ಕ ಹಾಕೋಣ. ನಿಮಿಷಕ್ಕೆ 15 ಲೀಟರಿನಂತೆ ಕಾಲು ಗಂಟೆಗೆ 225 ಲೀಟರ್. ಸುಮಾರು 1,500 ಲೀಟರಿನ ‘ಬಿ ಟೈಪ್’ ಸಿಲಿಂಡರ್ ಆರು ಸಲಕ್ಕೆ ಬಂದೀತು. 7,000 ಲೀಟರಿನ ಜಂಬೋ ಮೂವತ್ತು ಸಲಕ್ಕೆ. ದಿನಕ್ಕೆ ಎಷ್ಟು ಸಲ ಬರುತ್ತದೆ ಎಂದು ನೋಡಿ ಬಾಡಿಗೆಗೆ ತನ್ನಿ. ವೈದ್ಯರ ಚೀಟಿ ಅಗತ್ಯ. ಬೀಡಿ ಸಿಗರೇಟಿನಿಂದ ಶ್ವಾಸಕೋಶ ಕೆಟ್ಟವರಿಗೆ ಹೆಚ್ಚು ಆಮ್ಲಜನಕ ಅಪಾಯ ತಂದೀತು. ಗ್ಯಾಸ್ ಒಲೆ, ದೇವರ ದೀಪ, ಊದಿನಕಡ್ಡಿ, ಸಿಗರೇಟು ಉರಿಯುವಲ್ಲಿ ಸಿಲಿಂಡರ್ ತೆರೆಯಲೇಬಾರದು. ಎಣ್ಣೆ ಕೈಯಲ್ಲಿ ವಾಲ್ವ್ ಮುಟ್ಟಬಾರದು.

ಬರದಂತೆ ತಡೆಯುವುದು

ಕಾಟದ ದಿನಗಳು ಶುರುವಾದೊಡನೆ ತಡೆ ಔಷಧಿ ಶುರುವಾಗಬೇಕು. ಮುಖ್ಯವಾದದ್ದು ವೆರಪಮಿಲ್. ಇದು ಬಿ.ಪಿ. ಮಾತ್ರೆಯಲ್ಲವೇ ಎಂದು ಮನೆಯವರು ಹೆದರಿ ನಿಲ್ಲಿಸಿಬಿಡುತ್ತಾರೆ. ಹಾಗೆ ನಿಲ್ಲಿಸಬೇಡಿ, ಪ್ರಮಾಣ ಏರಿಸುವಾಗ ಇಸಿಜಿ ಮಾಡಿಸಿ. ವೆರಪಮಿಲ್ ಕೆಲಸಕ್ಕೆ ಬರುವ ತನಕ ಕೆಲವು ದಿನ ಸ್ಟಿರಾಯ್ಡ್, ಅಥವಾ ತಲೆಯ ಹಿಂಬದಿಯ ನರಕ್ಕೊಂದು ಚುಚ್ಚುಮದ್ದು ಕೊಡುವುದುಂಟು. ಕಾಟದ ವಾರಗಳಲ್ಲಿ ಒಂದು ಪೆಗ್ ಮದ್ಯವೂ ನೋವನ್ನು ಕರೆಯಬಲ್ಲದು. ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟಿನಂಥ ನೈಟ್ರೇಟ್‌ಗಳೂ ಕೆರಳಿಸಬಲ್ಲವು. ಅದನ್ನು ಹೃದಯದ ವೈದ್ಯರಿಗೆ ತಿಳಿಸಿ, ತಾವಾಗಿ ಬಿಡಬೇಡಿ. ರಾತ್ರಿ ಪಾಳಿಯವರು ಸಾಧ್ಯವಾದರೆ ಪಾಳಿ ಬದಲಿಸಿಕೊಂಡು ಒಂದೇ ಹೊತ್ತಿಗೆ ಮಲಗಲಿ.

ಜ್ವರ, ಕತ್ತು ಬಿಗಿತ, ಕೈಕಾಲು ಸೋಲು, ದೃಷ್ಟಿ ಮಂಕು ಇವುಗಳೊಡನೆ ಬಂದ ತಲೆನೋವಿಗೆ, ಅಥವಾ ಐವತ್ತು ದಾಟಿದ ಮೇಲೆ ಮೊದಲ ಸಲ ಬಂದದ್ದಕ್ಕೆ ಈ ಅಧ್ಯಾಯ ಸಾಲದು. ತಡಮಾಡದೆ ಆಸ್ಪತ್ರೆಗೆ ಹೋಗಿ. ನೋವಿನ ಭಯಕ್ಕೆ ಬದುಕೇ ಬೇಡವೆನ್ನಿಸುವುದುಂಟು. ಆಗ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಇನ್ನೂ ಕಲಿಯಬೇಕಾದದ್ದು

ಕಣ್ಣೀರು, ಮೂಗು, ಓಡಾಟ, ಹೊತ್ತು: ಈ ನಾಲ್ಕನ್ನು ಕೂಡಿಸಿ ನೋಡಿದರೆ ಹೆಸರು ಸಿಗುತ್ತದೆ, ಹೆಸರು ಸಿಕ್ಕರೆ ಉಪಶಮನದ ದಾರಿ ತೆರೆಯುತ್ತದೆ. ಆಮ್ಲಜನಕ ಕಣ್ಣೀರು ಸುರಿಸುವ ಆ ನರಮಾರ್ಗವನ್ನೇ ತಣಿಸುತ್ತದೆಂಬ ಸುಳಿವು ಇಲಿಗಳ ಪ್ರಯೋಗದಲ್ಲಿ ಸಿಕ್ಕಿದೆ. ಅದು ಮನುಷ್ಯರಲ್ಲೂ ಖಚಿತವಾಗಬೇಕು. ಮಿದುಳಿನ ಗಡಿಯಾರ ಲೆಕ್ಕ ಇಡುವ ಬೆಳಕಿನ ಮಾತೂ ಇದೆ: ಲಂಡನ್ನಿನಲ್ಲಿ ಹಗಲು ಚಳಿಗಾಲದ 8 ಗಂಟೆಯಿಂದ ಬೇಸಿಗೆಯ ಹದಿನಾರೂವರೆಗೆ ಹಿಗ್ಗುತ್ತದೆ. ಮುಂಬಯಿಯಲ್ಲಿ 11ರಿಂದ ಹದಿಮೂರೂಕಾಲಿಗೆ ಮಾತ್ರ. ನಮ್ಮ ರೋಗಿಗಳ ಕಾಟದ ತಿಂಗಳುಗಳು ಅಲ್ಲಿಯವರಂತೆಯೇ ಇವೆಯೇ? ಸಾಂತಾಕ್ರೂಜಿನ ಹವಾಮಾನದ ಲೆಕ್ಕ ದಿನದಿನಕ್ಕೂ ಇದೆ. ರೋಗಿಗಳ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಕೆಇಎಂ, ನಾಯರ್, ಸಯನ್ ಆಸ್ಪತ್ರೆಗಳಲ್ಲಿ ಕಲಿಯುತ್ತಿರುವ ಎಳೆಯ ವೈದ್ಯರು ಇದನ್ನು ಕೈಗೆತ್ತಿಕೊಳ್ಳಲಿ. ಓದುಗರು ಇಂದೇ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಪಕ್ಕ, ಎಷ್ಟು ನಿಮಿಷ, ಏನು ಮಾಡಿದಾಗ ಇಳಿಯಿತು ಎಂದು ಕನ್ನಡದಲ್ಲೇ ಬರೆದಿಡಲು ಶುರುಮಾಡಲಿ. ಅಂಥ ಬರಹ ನಿಮ್ಮ ಚಿಕಿತ್ಸೆಗೂ ಬೇಕು, ಮುಂದಿನ ಅಧ್ಯಯನಕ್ಕೂ ಬೇಕು.