ಮಕ್ಕಳ ಥೆರಪಿ: ಶಾಲೆಯ ಕೆಲಸ ಯಾವುದು, ಆಸ್ಪತ್ರೆಯ ಕೆಲಸ ಯಾವುದು?

"ಶಾಲೆಗೆ ವಿಶೇಷ ಶಿಕ್ಷಕಿ ಬರುತ್ತಾರಲ್ಲ, ಇನ್ನು ಆಸ್ಪತ್ರೆಗೆ ಯಾಕೆ ಹೋಗಬೇಕು?" ವಿಶೇಷ ಅಗತ್ಯವುಳ್ಳ ಮಕ್ಕಳ ತಂದೆತಾಯಂದಿರಿಂದ ಈ ಪ್ರಶ್ನೆಯನ್ನು ನಾವು ಆಗಾಗ ಕೇಳುತ್ತೇವೆ. ಬಸ್ಸಿನ ಖರ್ಚು, ಒಂದು ದಿನದ ಸಂಬಳ ಎರಡನ್ನೂ ಕಳೆದುಕೊಂಡು ಮಂಗಳೂರಿಗೆ ಬರುವವರಿಗೆ ಹೀಗೆ ಅನಿಸುವುದು ಸಹಜ. ಆದರೆ ಇವೆರಡೂ ಒಂದೇ ಸೇವೆಯಲ್ಲ.

ಆಸ್ಪತ್ರೆಯ ಥೆರಪಿ ಮಗುವಿನ ದೇಹ ಮತ್ತು ಮಾತಿನ ತೊಂದರೆಯನ್ನು ನೋಡುತ್ತದೆ. ಶಾಲೆಯ ಸೇವೆ, ಆ ತೊಂದರೆಯಿಂದಾಗಿ ಕಲಿಕೆಗೆ ಎಲ್ಲಿ ಅಡ್ಡಿಯಾಗುತ್ತಿದೆ ಎಂಬುದನ್ನು ನೋಡುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನೇ ತೆಗೆದುಕೊಳ್ಳೋಣ. ಬಿಗಿಯಾದ ಸ್ನಾಯುಗಳಿಗೆ ವ್ಯಾಯಾಮ, ಕಾಲಿಗೆ ಸರಿಯಾದ ಅಳತೆಯ ಪಟ್ಟಿ, ನಡಿಗೆಯ ಅಭ್ಯಾಸ ಇವು ಫಿಸಿಯೋಥೆರಪಿಸ್ಟರ ಕೆಲಸ. ಬೆಂಚಿನ ಎತ್ತರ, ಕಾಲಿಗೆ ಆಧಾರ, ಹಿಡಿಯಲು ದಪ್ಪ ಪೆನ್ಸಿಲು, ಶೌಚಾಲಯಕ್ಕೆ ಹೋಗುವ ದಾರಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಇವು ಶಾಲೆಯ ಜವಾಬ್ದಾರಿ. ಮಾತು ತಡವಾದ ಮಗುವಿಗೆ ಮೊದಲು ಕಿವಿಯ ಪರೀಕ್ಷೆ ಆಗಬೇಕು. ಅದು ಶಾಲೆಯಲ್ಲಿ ಆಗುವ ಕೆಲಸವಲ್ಲ. ಆದರೆ ಕಲಿತ ಮಾತನ್ನು ಗೆಳೆಯರೊಂದಿಗೆ ಆಡಿ ರೂಢಿಯಾಗುವುದು ತರಗತಿಯಲ್ಲೇ.

ನಮ್ಮ ರಾಜ್ಯದಲ್ಲಿ ಸಮಗ್ರ ಶಿಕ್ಷಣದಡಿ ಬಿ.ಐ.ಇ.ಆರ್.ಟಿ. ಎಂಬ ವಿಶೇಷ ಶಿಕ್ಷಕರಿದ್ದಾರೆ. ಅವರು ಹಲವು ಶಾಲೆಗಳನ್ನು ನೋಡಿಕೊಳ್ಳಬೇಕು. ಅವರು ಬಂದುಹೋದರೆ ಚಿಕಿತ್ಸೆ ಆಯಿತು ಎಂದು ತಿಳಿಯಬಾರದು. ಹಾಗೆ ತಿಳಿದು ಆಸ್ಪತ್ರೆ ಬಿಟ್ಟರೆ ಬೆಳೆಯುವ ಮಗುವಿನ ಸ್ನಾಯುಗಳು ಇನ್ನಷ್ಟು ಬಿಗಿಯಾಗಬಹುದು. ಥೆರಪಿಗೆಂದು ಶಾಲೆಯನ್ನೇ ಬಿಡಿಸುವುದೂ ಅಷ್ಟೇ ದೊಡ್ಡ ನಷ್ಟ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ನಿಗದಿತ ಪ್ರಮಾಣದ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಅಥವಾ ಬಯಸಿದರೆ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ನೀಡಿದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡಗಳು ಅಂಗನವಾಡಿಗಳಲ್ಲಿ, ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ತಪಾಸಣೆ ನಡೆಸುತ್ತವೆ. ತೊಂದರೆ ಕಂಡ ಮಕ್ಕಳನ್ನು ಜಿಲ್ಲಾ ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ಅನುದಾನರಹಿತ ಶಾಲೆಗಳು ಈ ತಪಾಸಣೆಯ ವ್ಯಾಪ್ತಿಯಲ್ಲಿಲ್ಲ. ನಮ್ಮ ಎಷ್ಟೋ ಮಕ್ಕಳು ಕಲಿಯುವ ಆಂಗ್ಲ ಮಾಧ್ಯಮ ಶಾಲೆಗಳಲ್ಲಿ ಇದನ್ನು ಮೊದಲು ಗುರುತಿಸಬೇಕಾದವರು ತರಗತಿಯ ಶಿಕ್ಷಕಿಯೇ. "ಸೋಮಾರಿ", "ಹಟಮಾರಿ" ಎನ್ನುವ ಮುನ್ನ ತಪಾಸಣೆಗೆ ಹೇಳಿ ಕಳುಹಿಸುವುದು ಒಳ್ಳೆಯದು.

ಮಾತು ಮತ್ತು ಶ್ರವಣದ ತೊಂದರೆಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಂಗಳೂರಿನ ಫಾದರ್ ಮುಲ್ಲರ್ ಸಂಸ್ಥೆಯಲ್ಲೂ ವಾಕ್ ಶ್ರವಣ ಕಾಲೇಜು ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ನೆರವುಂಟು. ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ.

ಕೊನೆಗೆ ಒಂದು ಸರಳ ಸಲಹೆ. ಮಗುವಿನ ಚೀಲದಲ್ಲಿ ಒಂದು ನೋಟುಪುಸ್ತಕ ಇರಲಿ. ಥೆರಪಿಸ್ಟ್ ಕಲಿಸಿದ್ದನ್ನು ಅದರಲ್ಲಿ ಬರೆಯಲಿ, ತರಗತಿಯಲ್ಲಿ ಕಂಡದ್ದನ್ನು ಶಿಕ್ಷಕಿ ಬರೆಯಲಿ. ವಾರ್ಡಿನ ಗುರಿಕಾರರು ಇಂಥ ಮನೆಗಳಿಗೆ ಹೋದಾಗ ಆಸ್ಪತ್ರೆಗೆ ಜೊತೆಗೆ ಹೋಗಲು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರೆ ಅದೇ ದೊಡ್ಡ ಸಹಾಯ.